ಅಪ್‌ಡೇಟ್: ಕಾರವಾರದಲ್ಲಿ ತಮ್ಮನ ಭುಜಕ್ಕೆ ಚಿರೆಕಲ್ಲು ಬಿದ್ದ ವಿಷಯ

ಕೋಡಿಬಾಗದ ಬಳಿ ಕಟ್ಟಡದ ಕೆಲಸದಲ್ಲಿದ್ದ ನನ್ನ ತಮ್ಮನ ಮೇಲೆ ಮೂರನೇ ಮಹಡಿಯಿಂದ ಚಿರೆಕಲ್ಲಿನ ತುಂಡು ಬಿತ್ತು, ಗುತ್ತಿಗೆದಾರರು ಕೈಚೆಲ್ಲಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆ.

ಕೊರಳೆಲುಬು ಕೂಡಿಕೊಂಡಿದೆ. ತೋಳನ್ನು ಇನ್ನೂ ಪೂರ್ತಿ ಮೇಲೆತ್ತಲು ಆಗುತ್ತಿಲ್ಲ. ಅಂಗಿ ತೊಡುವಾಗ ಹಲ್ಲು ಕಚ್ಚುತ್ತಾನೆ.

ನೀವು ಹೇಳಿದಂತೆ ಆಸ್ಪತ್ರೆಯ ಚೀಟಿ, ಹಾಜರಿ ಪುಸ್ತಕದ ಫೋಟೊ, ಜೊತೆಗಾರರಿಬ್ಬರ ಹೇಳಿಕೆ ಸೇರಿಸಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟೆವು. ಕೆಲಸದ ವೇಳೆ ಆದ ಗಾಯಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕರದು ಎಂದು ಕಾನೂನು 1923ರಿಂದಲೇ ಹೇಳುತ್ತಿದೆ. ಅದು ತಿಳಿಯದೆ ಎರಡು ವಾರ ಸುಮ್ಮನೆ ಅಂಗಲಾಚಿದೆವಲ್ಲ ಎಂಬ ಸಂಕಟ ನನಗಿದೆ. ಈಗ ಆಸ್ಪತ್ರೆಯ ಖರ್ಚು ಬಂದಿದೆ, ಉಳಿದದ್ದು ವಿಚಾರಣೆಯಲ್ಲಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವನ ನೋಂದಣಿಯೇ ಇರಲಿಲ್ಲ. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಸಾಕಂತೆ. ಆ ಕೆಲಸವೂ ನಡೆದಿದೆ.

ಮೊನ್ನೆ ಆ ಜಾಗಕ್ಕೆ ಹೋಗಿ ನಿಂತು ನೋಡಿದೆ. ಹತ್ತು ಮೀಟರ್ ಎತ್ತರದಿಂದ ಜಾರಿದ ಕಲ್ಲು ನೆಲ ಮುಟ್ಟುವಾಗ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಟ್ಟಣಿಗೆಯ ಅಂಚಿಗೆ ಗೇಣುದ್ದದ ಅಡ್ಡಹಲಗೆ ಇದ್ದಿದ್ದರೆ ಅದು ಅಲ್ಲಿಯೇ ನಿಲ್ಲುತ್ತಿತ್ತು. ಈಗ ಹಲಗೆ ಬಡಿದಿದ್ದಾರೆ, ಕೆಳಗೆ ಹಸಿರು ಬಲೆ ಕಟ್ಟಿದ್ದಾರೆ. ತಮ್ಮನ ಹೆಲ್ಮೆಟ್ಟಿನ ಅಂಚಿಗೂ ಆ ಕಲ್ಲು ತಗುಲಿತ್ತು; ಬಿರುಕು ಕಾಣದಿದ್ದರೂ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು, ಆದ್ದರಿಂದ ಅದನ್ನು ಮನೆಗೆ ತಂದಿಟ್ಟಿದ್ದೇನೆ.

ವಿಚಾರಣೆ ಮುಗಿದ ಮೇಲೆ ಮತ್ತೆ ಬರೆಯುತ್ತೇನೆ.