ಅಪ್‌ಡೇಟ್: ಮಾವನ ಪಿಟಿಎಸ್‌ಡಿ ಚಿಕಿತ್ಸೆ ಶುರುವಾಯ್ತು

ಕಾರ್ಗಿಲ್‌ನಲ್ಲಿ ಹೋರಾಡಿದ ನಮ್ಮ ಮಾವನಿಗೆ ಪಿಟಿಎಸ್‌ಡಿ (ಭೀಕರ ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಚಿಕಿತ್ಸೆ ಎಲ್ಲಿ ಸಿಗುತ್ತೆ ಅಂತ ಇಲ್ಲಿ ಹಿಂದೆ ಕೇಳಿದ್ದೆ. ತೋಟಕ್ಕೆ ನುಗ್ಗಿದ ಆನೆ ಓಡಿಸಲು ಯಾರಾದರೂ ಪಟಾಕಿ ಹೊಡೆದರೆ ಸಾಕು, ಗೋಡೆಗೆ ಒರಗಿ ಕೂತು ಬೆವರುತ್ತಿದ್ದರು.

ಮೊದಲು ಫೋನ್ ಮಾಡಿದ್ದು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ. ಉಚಿತ, ಕನ್ನಡದಲ್ಲೇ ಮಾತಾಡಿದರು. ಸೈನಿಕರಿಗಾಗಿ 2023ರಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ (ಎಎಫ್‌ಎಂಸಿ) ಇದರ ಪ್ರತ್ಯೇಕ ಘಟಕವೂ ಶುರುವಾಗಿದೆ.

ಆಮೇಲೆ ಮಡಿಕೇರಿಯ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್. ರೆಫರಲ್ ಅಲ್ಲೇ ಮಾಡಿಸಿಕೊಳ್ಳಿ. ತುರ್ತಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋದರೆ ಖರ್ಚು ಕೈಯಿಂದಲೇ.

ಈಗ ಬೆಂಗಳೂರಿನಲ್ಲಿ ಮಾತ್ರೆ, ಜೊತೆಗೆ ಮಾತಿನ ಥೆರಪಿ. ಮಿಲಿಟರಿ ಕ್ಯಾಂಟೀನ್ ರಮ್ ಎಷ್ಟು ಕುಡೀತೀರಿ ಅಂತ ಡಾಕ್ಟರ್ ಲೆಕ್ಕ ಕೇಳಿದಾಗ ಮಾತ್ರ ಮಾವ ಸಿಡುಕಿದರು! ನಿದ್ದೆ ಸುಧಾರಿಸಿದೆ, ಸಿಟ್ಟು ಇನ್ನೂ ಇದೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಗುಂಡು ಹಾರಿಸುತ್ತಾರಲ್ಲ, ಮುಂದಿನ ಅಪಾಯಿಂಟ್‌ಮೆಂಟ್ ಅದಕ್ಕೂ ಮುಂಚೆ ಹಾಕಿಸಿದ್ದೇನೆ.