ಅಪ್‌ಡೇಟ್: ಬ್ಯಾಂಕಾಕಿನಲ್ಲಿ ಕೊನೆಗೂ ಬಾತ್ ಸಿಕ್ಕಿತು

ಶಿರಸಿಯಿಂದ ಥಾಯ್ಲೆಂಡಿಗೆ ಹಣ ಹೇಗೆ ಒಯ್ಯುವುದೆಂದು ಇಲ್ಲಿ ಕೇಳಿದ್ದೆನಲ್ಲ, ನೀವೆಲ್ಲ ಸಲಹೆ ಕೊಟ್ಟಿದ್ದಿರಿ; ಮೊನ್ನೆ ಮರಳಿದೆವು. ಅಲ್ಲಿನ ಹಣವಾದ ‘ಬಾತ್’ ಹೆಸರು ಕೇಳಿದಾಗಲೆಲ್ಲ ಅತ್ತಿಗೆಗೆ ವಾಂಗೀಬಾತೇ ನೆನಪಾಗುತ್ತಿತ್ತು!

ರೂಪಾಯಿಯನ್ನೇ ಒಯ್ಯಿರಿ ಎಂಬ ಸಲಹೆ ಕೈಕೊಟ್ಟಿತು. ವಿಮಾನ ನಿಲ್ದಾಣದ ಕೌಂಟರಿನ ದರ ಕೇಳಿಯೇ ಹಿಂದೆ ಸರಿದೆ. ಕೆಲಸಕ್ಕೆ ಬಂದದ್ದು ಡಾಲರ್ ಒಯ್ದು ಅಲ್ಲಿ ಬದಲಿಸಿಕೊಳ್ಳಿ ಎಂಬ ಸಲಹೆ: ಪೇಟೆಯ ಹಣ ಬದಲಿಸುವ ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಐದೇ ನಿಮಿಷ. ನನಗೆ ಗೊತ್ತಿಲ್ಲದ ಸಂಗತಿಯೆಂದರೆ, 100 ಡಾಲರಿನ ನೋಟಿಗೆ ಸಿಗುವ ದರ ಚಿಲ್ಲರೆ ನೋಟಿಗೆ ಸಿಗುವುದಿಲ್ಲ. ಪೆನ್ನಿನ ಗೀಟಿದ್ದ ಒಂದು ನೋಟನ್ನಂತೂ ಮುಟ್ಟಲೇ ಇಲ್ಲ.

ಎಟಿಎಂ ಪ್ರತಿ ಸಲವೂ 220 ಬಾತ್ ಶುಲ್ಕ ಹಿಡಿಯಿತು. ರೂಪಾಯಿಯಲ್ಲಿ ಲೆಕ್ಕ ಹಾಕಲೇ ಎಂದು ಯಂತ್ರ ಕೇಳಿದಾಗ, ಹಾಗೆ ಮಾಡಿದರೆ ದರದಲ್ಲಿ ನಷ್ಟವೆಂದು ನೀವು ಹೇಳಿದಂತೆ ಬೇಡವೆಂದು ಒತ್ತಿದೆ.

ಉಳಿದ ನಾಣ್ಯಗಳು ಈಗ ಮಗನ ಡಬ್ಬಿಯಲ್ಲಿವೆ.