ಶಾಲೆಗೆ ಹೋಗದ ತಾಯಿಗೆ ಪಾಸ್‌ಪೋರ್ಟ್: ದಾಖಲೆಗಳಲ್ಲಿ ಎರಡು ಹೆಸರು, ಹುಟ್ಟಿದ ಊರು ಹಿನ್ನೀರಿನಲ್ಲಿ

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತಂಗಿ ಗಂಡನೊಂದಿಗೆ ದುಬೈನಲ್ಲಿದ್ದಾಳೆ, ಅವಳಿಗೆ ಈಗ ನಾಲ್ಕು ತಿಂಗಳು. ಬಾಣಂತನಕ್ಕೆ ಅವ್ವ ಹೋಗಬೇಕೆಂಬುದು ಮನೆಯವರೆಲ್ಲರ ಆಸೆ, ಅವ್ವನಿಗಂತೂ ಎಲ್ಲರಿಗಿಂತ ಹೆಚ್ಚು. ಆದರೆ ಅವಳಿಗೆ ಪಾಸ್‌ಪೋರ್ಟ್ ಇಲ್ಲ, ಮಾಡಿಸಲು ಹೊರಟರೆ ದಾಖಲೆಗಳು ಒಂದಕ್ಕೊಂದು ಹೊಂದುತ್ತಿಲ್ಲ.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಜನನ ಪ್ರಮಾಣಪತ್ರವೂ ಇಲ್ಲ. ಆಧಾರ್‌ನಲ್ಲಿ "ಗಂಗವ್ವ ಮಲ್ಲಪ್ಪ ಬಡಿಗೇರ" ಎಂದಿದೆ, ಜನ್ಮದಿನಾಂಕದ ಜಾಗದಲ್ಲಿ 1961 ಎಂಬ ಇಸವಿ ಮಾತ್ರ ಇದೆ. ಜಮೀನಿನ ಪರಿಹಾರದ ಹಣವನ್ನು ಬ್ಯಾಂಕಿನಲ್ಲಿ ಇಡುವಾಗ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಅದೇ ಹೆಸರು, 01-01-1961 ಎಂಬ ಪೂರ್ಣ ದಿನಾಂಕ. ಮತದಾರರ ಗುರುತಿನ ಚೀಟಿಯಲ್ಲಿ ಮಾತ್ರ, ಬರೆದುಕೊಂಡವರು "ಅವ್ವ" ಎನ್ನುವುದನ್ನು ತಿದ್ದಿ "ಗಂಗಾಬಾಯಿ ಬಡಿಗೇರ" ಎಂದು ಮಾಡಿದ್ದಾರೆ. ಅವ್ವನನ್ನು ಜನ್ಮದಲ್ಲಿ ಯಾರೂ ಗಂಗಾಬಾಯಿ ಎಂದು ಕರೆದಿಲ್ಲ.

ಇನ್ನೊಂದು ತೊಡಕು ಹುಟ್ಟಿದ ಊರಿನದು. ಅವಳು ಹುಟ್ಟಿದ ಬೀಳಗಿ ತಾಲೂಕಿನ ಹಳ್ಳಿ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ತಾಲೂಕು ಅತ್ತ ಸೇರಿತು, ಹಳ್ಳಿಯೇ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಈಗ ಅವ್ವ ಅದೇ ತಾಲೂಕಿನ ಪುನರ್ವಸತಿ ಕೇಂದ್ರದಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ, ವರ್ಷದಲ್ಲಿ ಕೆಲವು ತಿಂಗಳು ನನ್ನ ಮನೆಯಲ್ಲಿ ಇರುತ್ತಾಳೆ. ಜನ್ಮಸ್ಥಳ ಎಂದು ಏನು ಬರೆಯಬೇಕು? ವಿಳಾಸ ಯಾವುದನ್ನು ಕೊಡಬೇಕು? ಕೋರ್ಟಿನಿಂದ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಜಾಹೀರಾತು, ಇವೆಲ್ಲ ಬೇಕೇ ಬೇಕು ಎಂದು ಇಲ್ಲಿ ಒಬ್ಬರು ಹೇಳಿ ಅದಕ್ಕೆ ದೊಡ್ಡ ಮೊತ್ತವನ್ನೇ ಕೇಳಿದರು. ಓದು ಬಾರದವರಿಗೆ ಕೊಲ್ಲಿ ದೇಶಗಳಿಗೆ ಹೋಗಲು ಅಡ್ಡಿಯಾಗುವ ಮುದ್ರೆ ಬೀಳುತ್ತದೆ ಎಂದೂ ಹೆದರಿಸಿದರು. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಬೆಳಗಾವಿಯಿಂದ, ನಿವೃತ್ತ ಅಂಚೆ ನೌಕರ)

ತಂಗೀ, ಮೊದಲು ಹೆದರಿಕೆಯನ್ನು ಬಿಡು. ನಿನ್ನ ತಾಯಿಯ ಬಳಿ ಇರುವ ಕಾಗದಗಳು ಸಾಕು.

ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಬೇಕೆಂಬ ನಿಯಮ ಈಗ 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಅದಕ್ಕೂ ಮೊದಲು ಹುಟ್ಟಿದವರು ಶಾಲಾ ದಾಖಲೆ, ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ, ಮತದಾರರ ಚೀಟಿ, ಜೀವ ವಿಮೆಯ ಬಾಂಡ್ ಮುಂತಾದವುಗಳಲ್ಲಿ ಒಂದನ್ನು ಕೊಡಬಹುದು. ಪ್ಯಾನ್ ಕಾರ್ಡಿನಲ್ಲಿ ಪೂರ್ಣ ದಿನಾಂಕ ಇರುವುದರಿಂದ ಅದನ್ನೇ ಆಧಾರವಾಗಿ ಇಟ್ಟುಕೊ, ಹೆಸರಿನ ಪ್ರತಿ ಅಕ್ಷರವನ್ನೂ ಅದರಲ್ಲಿರುವಂತೆಯೇ ಅರ್ಜಿಯಲ್ಲಿ ತುಂಬು. ಪತ್ರಿಕಾ ಜಾಹೀರಾತು ಹೆಸರನ್ನೇ ಬದಲಿಸಿಕೊಂಡವರಿಗೆ ಬೇಕಾಗುವಂಥದ್ದು. ನಿನ್ನ ತಾಯಿ ಹೆಸರು ಬದಲಿಸಿಕೊಂಡಿಲ್ಲ, ಬರೆಯುವವರು ತಪ್ಪು ಬರೆದರು, ಅಷ್ಟೇ.

ಮುದ್ರೆಯ ವಿಷಯದಲ್ಲಿ ಹೇಳಿದವರಿಗೆ ಅರ್ಧ ಮಾತ್ರ ಗೊತ್ತು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ವಲಸೆ ಪರಿಶೀಲನೆಯ ವರ್ಗಕ್ಕೆ ಸೇರುವುದು ನಿಜ, ಯುಎಇ ಆ ದೇಶಗಳ ಪಟ್ಟಿಯಲ್ಲಿ ಇರುವುದೂ ನಿಜ. ಆದರೆ 50 ವರ್ಷ ದಾಟಿದವರು, ಓದಿರಲಿ ಬಿಡಲಿ, ಆ ಪರಿಶೀಲನೆಯಿಂದ ಹೊರಗಿರುತ್ತಾರೆ. ಆ ಪರಿಶೀಲನೆಯಿಂದ ಹೊರಗಿರಲು ಅರ್ಹರೇ ಎಂಬ ಪ್ರಶ್ನೆ ಅರ್ಜಿಯಲ್ಲಿ ಬಂದಾಗ ಗಮನವಿಟ್ಟು ಹೌದು ಎಂದು ಗುರುತು ಹಾಕು.

36 ಪುಟಗಳ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ಹೊಸ ಅರ್ಜಿಯಾದರೆ 60 ದಾಟಿದವರಿಗೆ ಶೇಕಡಾ 10 ರಿಯಾಯಿತಿ ಇರುವುದರಿಂದ 1,350 ರೂಪಾಯಿ ಕಟ್ಟಿದರೆ ಸಾಕು. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಕೆಲಸ 2017ರ ಜನವರಿಯಲ್ಲಿ ನಮ್ಮ ಮೈಸೂರಿನಿಂದಲೇ ಶುರುವಾಯಿತು. ಅದಕ್ಕೂ ಮೊದಲು ನಮ್ಮ ಕಡೆಯವರು ಒಂದು ಸಹಿಗಾಗಿ ಹುಬ್ಬಳ್ಳಿಗೆ ರಾತ್ರಿ ಬಸ್ಸು ಹತ್ತುತ್ತಿದ್ದುದನ್ನು ನಾನು ಕಂಡಿದ್ದೇನೆ. ಈಗ ನಿನ್ನ ಊರಿನ ಅಂಚೆ ಕಚೇರಿಯಲ್ಲೇ ಕೆಲಸ ಆಗುತ್ತದೆ. ತಾಯಿಯ ವಿಳಾಸ ಬೇರೆ ಜಿಲ್ಲೆಯದೆಂಬುದು ಅಡ್ಡಿಯಲ್ಲ, 2018ರಿಂದ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಕೊಡಬಹುದು.

ಉತ್ತರ (ಬಾಗಲಕೋಟೆ ನವನಗರದಿಂದ)

ಅಕ್ಕಾವರೇ, ನಮ್ಮದೂ ಮುಳುಗಡೆಯ ಕುಟುಂಬ. ಅಪ್ಪನ ಪಾಸ್‌ಪೋರ್ಟ್ ಮಾಡಿಸುವಾಗ ಜನ್ಮಸ್ಥಳಕ್ಕೆ ಮುಳುಗಿದ ಹಳ್ಳಿಯ ಹೆಸರನ್ನೇ ಬರೆದೆವು, ಜಿಲ್ಲೆಯನ್ನು ಈಗಿನ ಪಟ್ಟಿಯಿಂದ ಬಾಗಲಕೋಟೆ ಎಂದು ಆಯ್ದೆವು, ಯಾರೂ ಪ್ರಶ್ನಿಸಲಿಲ್ಲ. ಊರು ನೀರಿನಲ್ಲಿ ಹೋದರೂ ಅಲ್ಲಿ ಹುಟ್ಟಿದ್ದು ಸುಳ್ಳಾಗುವುದಿಲ್ಲ, ಪುನರ್ವಸತಿ ಕೇಂದ್ರದ ಹೆಸರನ್ನು ಜನ್ಮಸ್ಥಳ ಎಂದು ದಯವಿಟ್ಟು ಬರೆಯಬೇಡಿ. ಪಟ್ಟಿಯಲ್ಲಿ ಬಿಜಾಪುರ ಎಂದು ಕಂಡರೆ ಅದನ್ನು ಒತ್ತಲೂಬೇಡಿ. ನಮ್ಮ ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು, ಆ ಹೆಸರಿನ ಇನ್ನೊಂದು ಜಿಲ್ಲೆ ಛತ್ತೀಸಗಢದಲ್ಲಿದೆ.

ವಿಳಾಸ ಮಾತ್ರ ಈಗ ನಿಜವಾಗಿ ಇರುವ ಮನೆಯದಾಗಿರಲಿ. ಅಪ್ಪನ ಅರ್ಜಿಯಲ್ಲಿ ನಾವು ಎಡವಿದ್ದು ಅಲ್ಲಿಯೇ. ಪೊಲೀಸರು ಬಂದ ದಿನ ಅಪ್ಪ ಅಕ್ಕನ ಊರಿಗೆ ಹೋಗಿದ್ದರಿಂದ "ಈ ವಿಳಾಸದಲ್ಲಿ ವಾಸವಿಲ್ಲ" ಎಂದು ವರದಿ ಹೋಯಿತು. ಅದನ್ನು ಸರಿಪಡಿಸಲು ಪಟ್ಟ ಓಡಾಟ ಅರ್ಜಿಯ ಓಡಾಟಕ್ಕಿಂತ ಹೆಚ್ಚಾಯಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅರ್ಜಿ ತುಂಬಿಕೊಟ್ಟ ಅಂಗಡಿಯವರು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿದ್ದರಿಂದ ಸಂದೇಶಗಳು ನಮಗೆ ತಲುಪಲೇ ಇಲ್ಲ. ಖಾತೆಯನ್ನು ನಿಮ್ಮ ಸಂಖ್ಯೆಯಲ್ಲಿ ನೀವೇ ತೆರೆಯಿರಿ. ಅಸಲಿಯಂತೆ ಕಾಣುವ ನಕಲಿ ಜಾಲತಾಣಗಳೂ ಇವೆ, ಸರ್ಕಾರಿ ತಾಣವೇ ಹೌದೋ ಎಂದು ನೋಡಿಕೊಂಡೇ ಹಣ ಕಟ್ಟಿ.

ನನ್ನ ಸಲಹೆ, ಮತದಾರರ ಚೀಟಿಯನ್ನು ತೋರಿಸಲೇಬೇಡಿ. ಆಧಾರ್ ಮತ್ತು ಪ್ಯಾನ್ ಒಂದೇ ಹೆಸರಿನಲ್ಲಿರುವಾಗ ಇಲ್ಲದ ಪ್ರಶ್ನೆಯನ್ನು ನಾವೇ ಏಕೆ ಎಬ್ಬಿಸಬೇಕು? ಅವಸರವಿದ್ದರೆ ಇನ್ನೂ 2,000 ರೂಪಾಯಿ ಕಟ್ಟಿ ತತ್ಕಾಲ್‌ನಲ್ಲಿ ಹಾಕಿ.

ಉತ್ತರ (ವಿಜಯಪುರದಿಂದ, ವಕೀಲೆ)

ಮೇಲಿನವರ ಕೊನೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ತತ್ಕಾಲ್‌ಗೆ ಹೆಚ್ಚು ದಾಖಲೆ ಕೇಳುತ್ತಾರೆ, ಇಲ್ಲಿರುವ ತೊಡಕೇ ದಾಖಲೆಯದು. ಪೊಲೀಸರು ಮತದಾರರ ಪಟ್ಟಿಯನ್ನು ನೋಡಿದರೆ ಮುಚ್ಚಿಟ್ಟದ್ದು ಹೊರಬರುತ್ತದೆ, ತಪ್ಪಿಲ್ಲದ ಹೆಣ್ಣುಮಗಳು ತಪ್ಪು ಮಾಡಿದವಳಂತೆ ನಿಲ್ಲಬೇಕಾಗುತ್ತದೆ. ಮತದಾರರ ಚೀಟಿಯ ಹೆಸರಿನ ತಿದ್ದುಪಡಿಗೆ ನಮೂನೆ 8ರಲ್ಲಿ ಈಗಲೇ ಅರ್ಜಿ ಹಾಕಿ ಸ್ವೀಕೃತಿಯನ್ನು ಇಟ್ಟುಕೊಳ್ಳಿ. ಮತಗಟ್ಟೆ ಅಧಿಕಾರಿಯ ಕೆಲಸ ಮಾಡಿದ ಸಹೋದ್ಯೋಗಿಗಳು ನಿಮ್ಮ ಶಾಲೆಯಲ್ಲೇ ಇದ್ದಾರು. ಪಾಸ್‌ಪೋರ್ಟ್ ಅರ್ಜಿಯಲ್ಲಿ "ಬೇರೆ ಹೆಸರಿನಿಂದ ಗುರುತಿಸಲ್ಪಡುತ್ತೀರಾ" ಎಂಬ ಪ್ರಶ್ನೆಯೇ ಇದೆ, ಅಲ್ಲಿ ಗಂಗಾಬಾಯಿ ಎಂದು ನಮೂದಿಸಿ.

ಇನ್ನೊಂದು ಮುಖ್ಯ ಮಾತು. ಹೆಸರನ್ನೆಲ್ಲ ಒಂದೇ ಅಂಕಣದಲ್ಲಿ ತುಂಬಿ ಅಡ್ಡಹೆಸರಿನ ಅಂಕಣವನ್ನು ಖಾಲಿ ಬಿಡಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರ ಪ್ರವಾಸಿ ವೀಸಾಕ್ಕೆ ಯುಎಇ 2022ರ ನವೆಂಬರಿನಲ್ಲಿ ತಡೆಯೊಡ್ಡಿತ್ತು. ನೀವು ಹೋಗುವುದೂ ಅಲ್ಲಿಗೇ, ಆದ್ದರಿಂದ "ಗಂಗವ್ವ ಮಲ್ಲಪ್ಪ" ಒಂದು ಕಡೆ, "ಬಡಿಗೇರ" ಇನ್ನೊಂದು ಕಡೆ ಇರಲಿ. ಮದುವೆಯ ಪ್ರಮಾಣಪತ್ರವನ್ನು 2016ರ ಡಿಸೆಂಬರಿನಿಂದ ಕೇಳುವುದಿಲ್ಲ, ಅದಕ್ಕಾಗಿ ಅಲೆಯಬೇಡಿ.

ಪ್ರಶ್ನೆ ಕೇಳಿದವರಿಂದ, ಕೆಲವು ವಾರಗಳ ನಂತರ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ವಕೀಲರು ಹೇಳಿದಂತೆ ನಮೂನೆ 8 ಹಾಕಿದ ಮೇಲೆಯೇ ಅರ್ಜಿ ತುಂಬಿದೆ. ವಿಳಾಸ ಪುನರ್ವಸತಿ ಕೇಂದ್ರದ್ದು, ಜನ್ಮಸ್ಥಳ ಹಳೆಯ ಊರು. ಆ ಊರಿನ ಹೆಸರನ್ನು ನಾನು ಟೈಪು ಮಾಡುವಾಗ ಅವ್ವ ಪಕ್ಕದಲ್ಲಿ ಕುಳಿತು, ಸರಿಯಾಗಿ ಬಂತೋ ಇಲ್ಲವೋ ಎಂದು ಎರಡು ಸಲ ಓದಿಸಿ ಕೇಳಿದಳು.

ಅಂಚೆ ಕಚೇರಿಯ ಕೇಂದ್ರದಲ್ಲಿ ಕಾಗದಗಳಿಗಿಂತ ಬೆರಳಚ್ಚಿಗೆ ಹೆಚ್ಚು ಹೊತ್ತು ಹಿಡಿಯಿತು. ನಲವತ್ತು ವರ್ಷ ಕಳೆ ಕಿತ್ತ ಕೈಗಳು, ಗೆರೆಗಳು ಸವೆದುಹೋಗಿವೆ. ಯಂತ್ರ ಎರಡು ಸಲ ತಿರಸ್ಕರಿಸಿದಾಗ ಅವ್ವ ಅಂಗೈ ನೋಡಿಕೊಂಡು, "ಸವದಾವ್ರಿ, ಏನ್ ಮಾಡ್ಲಿ" ಎಂದಳು. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸಿ, ತನ್ನ ಕೈಯಿಂದ ಮೆಲ್ಲಗೆ ಒತ್ತಿ ಹಿಡಿದಳು, ಮೂರನೆಯ ಸಲಕ್ಕೆ ಬಂತು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಮನೆಯಲ್ಲಿ ಹಾಗೆ ಬೆರಳು ಸವೆದ ಹಿರಿಯರಿದ್ದವರು ಕೇಂದ್ರಕ್ಕೆ ಹೋಗುವ ಮೊದಲಿನ ಒಂದು ವಾರ ರಾತ್ರಿ ಅವರ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೋಗುವ ದಿನ ಮಾತ್ರ ತೊಳೆದು ಒರೆಸಿ ಕರೆದೊಯ್ಯಿರಿ ಎಂದು ಆ ಹುಡುಗಿಯೇ ಹೇಳಿದಳು.

ಮೊನ್ನೆ ಪೊಲೀಸರು ತಮ್ಮನ ಮನೆಗೆ ಬಂದಿದ್ದರು. ಗಂಗಾಬಾಯಿ ಯಾರು ಎಂದು ಕೇಳಿಯೇ ಕೇಳಿದರಂತೆ. ತಿದ್ದುಪಡಿಯ ಸ್ವೀಕೃತಿಯನ್ನು ತೋರಿಸಿದಾಗ, ನೆರೆಮನೆಯವರಿಬ್ಬರನ್ನು ವಿಚಾರಿಸಿ ಬರೆದುಕೊಂಡು ಹೋದರು. ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ, ಅವ್ವನ ಕೈಗೇ ಕೊಡುತ್ತಾರೆ. ಆದ್ದರಿಂದ ಬರುವ ತನಕ ಅವಳು ಎಲ್ಲಿಗೂ ಹೋಗದೆ ಅಲ್ಲಿಯೇ ಇರುತ್ತಾಳೆ. ತಂಗಿಗೆ ಈಗ ಐದು ತುಂಬಿದೆ.